ಹಳೇ ಕಾರ್ಡು, ಹಳೇ ಸೇಡು

"ಈ ಕಾರ್ಡಿಗೆ ಒಂದು ಡ್ರೈವರ್ ಬೇಕಿತ್ತು..."

ಆ ದನಿ ಕಿವಿಗೆ ಬಿದ್ದದ್ದೇ ತಡ, ಅವಳ ಕೈಯಲ್ಲಿದ್ದ ಟಾರ್ಚು ಜಾರಿ ನೆಲಕ್ಕೆ ಬಿತ್ತು.

ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಆದರೂ ತಿರುಗಿದಳು.

ಅವನು!

ಎರಡು ವರ್ಷದ ಮೇಲೆ, ಅವಳದೇ ಆಸ್ಪತ್ರೆಯಲ್ಲಿ, ಅವಳದೇ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಹೆಗಲಿಗೆ ಅದೇ ಕಪ್ಪು ಚೀಲ. ಮೂಗಿನ ಮೇಲೆ ಅದೇ ಎಡಕ್ಕೆ ವಾಲಿದ ಕನ್ನಡಕ. ಒಂದು ಕಾಲದಲ್ಲಿ ಆ ಕನ್ನಡಕವನ್ನು ನೆಟ್ಟಗೆ ಮಾಡುವುದು ಅವಳ ಹಕ್ಕಾಗಿತ್ತು. ಈಗ ಅದನ್ನು ಕಿತ್ತು, ಕಾಲಡಿ ಹಾಕಿ ತುಳಿಯಬೇಕು ಅನಿಸಿತು.

"ಕಿಡಿ... ನೀನು ಇಲ್ಲಿ?"

ಕಿಡಿ! ಅವನೇ ಇಟ್ಟ ಹೆಸರು. ಎಷ್ಟು ಧೈರ್ಯ ನೋಡಿ ಮಹಾಶಯನಿಗೆ!

"ನೀವು ಅನ್ನಿ," ಎಂದಳು ತಣ್ಣಗೆ. "ಇದು ಆಸ್ಪತ್ರೆ. ಇಲ್ಲಿನ ಸರ್ವರ್ ನೋಡ್ಕೊಳ್ಳೋದು ನಾನು. ಏನು ಬೇಕಿತ್ತು?"

ಅವನು ಒಳಗಿನ ಯಂತ್ರದತ್ತ ಕೈ ತೋರಿಸಿದ. "ಹೊಸ ಯಂತ್ರ ಕೂರಿಸಿದ್ದು ನಮ್ಮ ಕಂಪನಿ. ಆಪರೇಟಿಂಗ್ ಸಿಸ್ಟಮ್ಮೂ ಹೊಸದು. ಅದು ಡಿಸ್ಕ್‌ಗಳನ್ನ ಜೋಡಿಸೋ ಈ ಹಳೇ ಕಾರ್ಡನ್ನ ಗುರುತೇ ಹಿಡೀತಿಲ್ಲ, ಒಂದು ಡಿಸ್ಕೂ ಕಾಣ್ತಿಲ್ಲ. ನೀನು... ನೀವು ಆಗ ಒಂದು ಬರೆದಿದ್ರಲ್ಲ. ಅದು ಓದೋದಕ್ಕೆ ಮಾತ್ರ..."

"ಅದಾ?" ಅವಳು ನಡುವೆಯೇ ಕತ್ತರಿಸಿದಳು. "ಅದನ್ನ ನಂಬೋಕಾಗಲ್ಲ ಅಂತ ತುಂಬಿದ ಸಭೇಲಿ ಯಾರೋ ದೊಡ್ಡ ಮನುಷ್ಯರು ಕೂಗಿ ಹೇಳಿದ್ರು. ಅಳಿಸಿ ಹಾಕ್ದೆ."

ಅಪ್ಪಟ ಸುಳ್ಳು! ಅದು ಅವಳ ಬೀಗದ ಕೈ ಗೊಂಚಲಲ್ಲೇ, ಹೆಬ್ಬೆರಳುದ್ದದ ಪೆನ್‌ಡ್ರೈವಿನಲ್ಲಿ ತೂಗಾಡುತ್ತಿತ್ತು.

ಸುಳ್ಳು ಹೇಳುವ ಹುಡುಗಿಯಲ್ಲ ಅವಳು. ಆದರೆ ಸಿಟ್ಟಿಗೆ ಕಾರಣ ಇತ್ತು, ಅದನ್ನೂ ಕೇಳಿಬಿಡಿ.

ಇಬ್ಬರೂ ಆಗ ಒಂದೇ ಕಂಪನಿಯಲ್ಲಿದ್ದರು. ಹಳೆಯ ಸರ್ವರ್‌ಗಳಿಗೆ ಹೊಸ ಸಿಸ್ಟಮ್ ಹಾಕಿ ನಡೆಸಿಕೊಡುವುದು ಕೆಲಸ. ಡ್ರೈವರ್ ಅಂದರೆ ಯಂತ್ರದ ಬಿಡಿಭಾಗಕ್ಕೂ ಸಿಸ್ಟಮ್‌ಗೂ ನಡುವೆ ನಿಂತ ದುಭಾಷಿ. ಕಾರ್ಡು ಮಾಡಿದವರೇ ಅಂಗಡಿ ಮುಚ್ಚಿಕೊಂಡು ಹೋದಮೇಲೆ ಹೊಸ ಸಿಸ್ಟಮ್‌ಗೆ ದುಭಾಷಿಯನ್ನು ಯಾರು ಕೊಡುತ್ತಾರೆ? ಅವಳೇ ಹಟ ಹಿಡಿದು ಬರೆದಳು. ಪಕ್ಕದ ಕುರ್ಚಿಯಲ್ಲಿ ಕೂತು ಅವನು ಪರೀಕ್ಷೆ ಮಾಡಿದ. ಹಾಗೆ ಕೂತೂ ಕೂತೂ ಪ್ರೀತಿಯೂ ಆಯಿತು. ಡ್ರೈವರ್ ಕೆಲಸ ಮುಗಿದ ವಾರವೇ ಮನೆಯಲ್ಲಿ ಹೇಳುವುದು ಎಂದು ಮಾತಾಗಿತ್ತು.

ಗಿರಾಕಿಗಳ ಮುಂದೆ ಅವಳು ಅದನ್ನು ತೋರಿಸುತ್ತಿದ್ದ ದಿನ... ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ, ಬಾಗಿಲಲ್ಲಿ ನಿಂತಿದ್ದ ಅವನು ಕೂಗಿದ. "ನಿಲ್ಸಿ! ಈ ಡ್ರೈವರ್ ನಂಬೋಕಾಗಲ್ಲ!"

ಚಪ್ಪಾಳೆ ನಿಂತಿತು. ಗಿರಾಕಿಗಳು ಎದ್ದು ಹೋದರು. ಅವಳಿಗಾಗಿ ಇಟ್ಟಿದ್ದ ಮುಖ್ಯಸ್ಥರ ಕುರ್ಚಿ ಮರುವಾರ ಅವನಿಗೆ ಹೋಯಿತು!

ಅವಳು ಅಂದೇ ಕೆಲಸ ಬಿಟ್ಟಿದ್ದಳು. ಅವನ ನಂಬರನ್ನು ಬ್ಲಾಕ್ ಮಾಡಿದ್ದಳು. 'ಒಂದಲ್ಲ ಒಂದಿನ ಇದೇ ಡ್ರೈವರ್‌ಗಾಗಿ ನನ್ನ ಮುಂದೆ ಬಂದು ಹಲ್ಲು ಗಿಂಜಬೇಕು ನೀನು' ಎಂದು ಹಲ್ಲು ಕಚ್ಚಿ ಕಾದಿದ್ದಳು.

ಬಂದನಲ್ಲ!

"ಹುಡುಕಿ," ಎಂದಳು ಈಗ, ಟಾರ್ಚು ಎತ್ತಿಕೊಳ್ಳುತ್ತಾ. "ಎಲ್ಲಾದ್ರೂ ಸಿಗಬಹುದು."

* * *

ಅದು ಗಂಟಲಿನ ಆಸ್ಪತ್ರೆ. ಆಪರೇಷನ್ ಆದರೆ ಧ್ವನಿ ಹೋಗುತ್ತದೆ ಎಂದಾದವರ ಮಾತನ್ನು ಮೊದಲೇ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಮುದ್ರಿಸಿಡುತ್ತಿದ್ದರು. ಆಮೇಲೆ ಅವರಿಗೊಂದು ಟ್ಯಾಬ್. ಗುಂಡಿ ಒತ್ತಿದರೆ ಸರ್ವರ್‌ನಿಂದ ಅವರದೇ ದನಿ ಬಂದು ಮಾತಾಡುತ್ತಿತ್ತು.

ಆ ಸರ್ವರ್ ಸೋಮವಾರ ಸುಟ್ಟು ಕೂತಿತ್ತು. ಪುಣ್ಯಕ್ಕೆ ಡಿಸ್ಕ್‌ಗಳು ಉಳಿದಿದ್ದವು. ಅವನ್ನು ಓದಬಲ್ಲದ್ದು ಆ ಹಳೇ ಕಾರ್ಡು ಒಂದೇ. ಬೇರೆ ಕಾರ್ಡು ಹಾಕಿದರೆ 'ಇವು ನನ್ನ ಡಿಸ್ಕ್‌ಗಳಲ್ಲ, ಅಳಿಸಲೇ?' ಎಂದು ಕೇಳುತ್ತಿತ್ತು. ಹೊಸ ಯಂತ್ರಕ್ಕೆ ಹಳೇ ಸಿಸ್ಟಮ್ ಒಗ್ಗದು, ಹೊಸ ಸಿಸ್ಟಮ್‌ಗೆ ಹಳೇ ಕಾರ್ಡು ಆಗದು. ಬೇರೆ ನಕಲು? ಅವಳು ಬಂದಾಗಿನಿಂದ ಕೇಳುತ್ತಲೇ ಇದ್ದಳು, ಆಡಳಿತದವರು 'ಮುಂದಿನ ವರ್ಷ' ಅನ್ನುತ್ತಲೇ ಇದ್ದರು.

ಅಷ್ಟೂ ಜನರ ದನಿ ಆ ಡಿಸ್ಕ್‌ಗಳಲ್ಲಿ ಮೂಕವಾಗಿ ಕೂತಿತ್ತು. ಅದರಲ್ಲಿ ಅವಳ ಅಪ್ಪನದೂ ಒಂದು.

'ಎರಡು ದಿನ ತಾನೆ?' ಅವಳು ತನಗೆ ತಾನೇ ಹೇಳಿಕೊಂಡಳು. 'ಮೊದಲು ನನ್ನ ಹೊಟ್ಟೆ ತಣ್ಣಗಾಗ್ಲಿ. ಆಮೇಲೆ ಪೆನ್‌ಡ್ರೈವ್ ಚುಚ್ಚೋದು ಎಷ್ಟೊತ್ತಿನ ಕೆಲಸ!'

ಅಂದಿನಿಂದ ಶುರುವಾಯಿತು ನೋಡಿ ಮಹಾಶಯನ ಗ್ರಹಚಾರ.

ಅವನು ಕಾರ್ಡಿನ ಹೆಸರು ಹಾಕಿ ಹುಡುಕದ ಜಾಲತಾಣವಿಲ್ಲ. ಸಿಕ್ಕ ಕೊಂಡಿಗಳೆಲ್ಲ ಸತ್ತ ಕೊಂಡಿಗಳೇ. ಯಾವುದೋ ಹಳೆಯ ಚರ್ಚೆಯ ಪುಟದಲ್ಲಿ ಒಬ್ಬ 'ನನಗೂ ಇದೇ ತೊಂದರೆ' ಎಂದು ಬರೆದಿದ್ದ, ಅದರ ಕೆಳಗೆ ಅವನೇ 'ಸರಿಹೋಯಿತು, ಧನ್ಯವಾದ' ಎಂದಿದ್ದ. ಹೇಗೆ ಸರಿಹೋಯಿತೆಂದು ಪುಣ್ಯಾತ್ಮ ಬರೆದಿರಲಿಲ್ಲ!

"ಗುಜರಿ ಅಂಗಡೀಲಿ ಹಳೇ ಸಿ.ಡಿ. ಇರುತ್ತೆ, ನೋಡ್ಬಹುದಲ್ಲ?" ಎಂದು ಅವಳೇ ಸಲಹೆ ಕೊಟ್ಟಳು. ಅವನು ಹೋದ. ಅಂಗಿಯೆಲ್ಲ ಧೂಳು ಮಾಡಿಕೊಂಡು ಬಂದ. ಅವನು ತಂದ ಸಿ.ಡಿ.ಯಲ್ಲಿ ಪ್ರಿಂಟರಿನ ಡ್ರೈವರ್ ಇತ್ತು.

ಅವಳಿಗೆ ನಗು ತಡೆಯಲಾಗಲಿಲ್ಲ. ಆಹಾ, ಎಂಥ ಸುಖ! ಎರಡು ವರ್ಷದ ಹೊಟ್ಟೆಯುರಿಗೆ ಯಾರೋ ತಣ್ಣೀರು ಹಾಕಿದ ಹಾಗಿತ್ತು.

ಆದರೆ ಆ ಸುಖ ಪೂರ್ತಿ ದಕ್ಕಲೂ ಇಲ್ಲ. ಮಧ್ಯಾಹ್ನ ವಿಚಾರಣೆಯ ಮೇಜಿನ ಹತ್ತಿರ ಒಬ್ಬ ವಯಸ್ಸಾದ ಮೇಷ್ಟ್ರು ನಿಂತಿದ್ದರು. ಟ್ಯಾಬನ್ನು ಮತ್ತೆ ಮತ್ತೆ ಒತ್ತುತ್ತಿದ್ದರು, ಅಲುಗಾಡಿಸುತ್ತಿದ್ದರು. ಕೊನೆಗೆ ಅದನ್ನು ಅವಳ ಮುಂದೆ ಹಿಡಿದು, ತಮ್ಮ ಬಾಯಿ ತೋರಿಸಿ, ಕೈ ಚೆಲ್ಲಿದರು.

"ನಾಳೆ ಸರಿಹೋಗುತ್ತೆ ಸರ್," ಎಂದಳು. ಅವರ ಕಣ್ಣನ್ನು ನೋಡಲಾಗದೆ ಸರಸರನೆ ನಡೆದುಬಿಟ್ಟಳು.

* * *

ಮನೆಯಲ್ಲಿ ಇನ್ನೊಂದು ಮೌನ ಕಾದಿತ್ತು.

ಅಪ್ಪ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಕೂಗಿದರೆ ಮೂರು ಬೀದಿಗೆ ಕೇಳುತ್ತಿತ್ತು. ಆಪರೇಷನ್ ಆದಮೇಲೆ ಆ ಟ್ಯಾಬೇ ಅವರ ಗಂಟಲು. 'ಪುಟ್ಟೀ, ಊಟ ಆಯ್ತಾ?' 'ಫ್ಯಾನ್ ಹಾಕು.' 'ಪುಟ್ಟೀ, ಬಾಗಿಲು ತೆಗಿ!' 'ನಿಮ್ಮತ್ತೆ ಬಾಯಿ ಯಾರಾದ್ರೂ ಮುಚ್ಚಿಸ್ರಪ್ಪ!' ಹೀಗೆ ಒಂದೊಂದು ಮಾತಿಗೂ ಒಂದೊಂದು ಗುಂಡಿ, ಗುಂಡಿಯ ಮೇಲೆ ಹೆಸರು.

ಕೊನೆಯ ಗುಂಡಿಯ ಮೇಲೆ ಮಾತ್ರ ಏನೂ ಬರೆದಿರಲಿಲ್ಲ. "ಇದೇನಪ್ಪಾ?" ಎಂದು ಅವಳು ಎಷ್ಟೋ ಸಲ ಕೇಳಿದ್ದಳು. ಅಪ್ಪ ನಕ್ಕು ಟ್ಯಾಬನ್ನು ಮಗುಚಿಡುತ್ತಿದ್ದರು.

ಆ ಸಂಜೆ ಎಲ್ಲ ಗುಂಡಿಗಳೂ ಒಂದೇ. ಯಾವುದೂ ನುಡಿಯಲಿಲ್ಲ. ಅಪ್ಪ ಕಿಟಕಿಯ ಹತ್ತಿರ ಕೂತು ಸುಮ್ಮನೆ ಹೊರಗೆ ನೋಡುತ್ತಿದ್ದರು.

"ಅಲ್ವೇ," ಅತ್ತೆ ಅಡುಗೆಮನೆಯಿಂದಲೇ ಶುರು ಮಾಡಿದರು, "ಅಷ್ಟು ದೊಡ್ಡ ಆಸ್ಪತ್ರೇಲಿ ಒಬ್ಬ ಡ್ರೈವರ್ ಸಿಗ್ಲಿಲ್ವಾ? ನಮ್ಮ ಬೀದಿ ವ್ಯಾನಿನವನನ್ನ ಕೇಳ್ಲಾ?"

"ಅತ್ತೇ, ಇದು ಆ ಡ್ರೈವರ್ ಅಲ್ಲ!"

"ಯಾವನಾದ್ರೂ ಆಗ್ಲಿ. ಕುಡಿಯೋ ಚಟ ಇಲ್ದೇ ಇದ್ರೆ ಸಾಕು."

ಬೇರೆ ದಿನವಾಗಿದ್ದರೆ ಅಪ್ಪ ಬಾಯಿ ಮುಚ್ಚಿಸುವ ಗುಂಡಿ ಒತ್ತುತ್ತಿದ್ದರು, ಮೂವರೂ ನಗುತ್ತಿದ್ದರು. ಇಂದು ಅಪ್ಪ ಬೆರಳೆತ್ತಿ ಅವಳತ್ತ ನೋಡಿದರು. ಯಾವಾಗ ಎಂದು ಕೇಳುವ ನೋಟ.

"ನಾಳೆ ಅಪ್ಪಾ... ಖಂಡಿತ ನಾಳೆ."

'ನನ್ನ ಸೇಡಿಗೆ ಅಪ್ಪನ ಬಾಯಿ ಕಟ್ಟಿದ್ದೀನಲ್ಲ...' ಎಂದುಕೊಂಡಳು. ಮರುಕ್ಷಣವೇ ಆ ಸಭೆ ನೆನಪಾಯಿತು, ನಿಂತುಹೋದ ಚಪ್ಪಾಳೆ ನೆನಪಾಯಿತು. ಇಲ್ಲ! ಇಷ್ಟು ದೂರ ಬಂದು ಬಿಡುವುದುಂಟೇ?

* * *

ಬೆಳಿಗ್ಗೆ ಅವನು ಸರ್ವರ್ ಕೋಣೆಯ ನೆಲದ ಮೇಲೆಯೇ ಕೂತಿದ್ದ. ಕಣ್ಣು ಕೆಂಪಗಾಗಿತ್ತು, ಕನ್ನಡಕ ಇನ್ನಷ್ಟು ವಾಲಿತ್ತು.

ಅವಳು ಬೀಗದ ಕೈ ಗೊಂಚಲನ್ನು ಅವನ ಮುಖದ ಮುಂದೆ ಆಡಿಸಿದಳು. ಪೆನ್‌ಡ್ರೈವ್ ತೂಗಾಡಿತು.

ಅವನು ದಡಕ್ಕನೆ ಎದ್ದ. "ಇತ್ತಾ? ಎರಡು ದಿನದಿಂದ... ಇತ್ತಾ?"

"ಇತ್ತು. ಬೇಕಾ?"

"ಕೊಡು, ನಾನು..."

"ಸುಮ್ನೆ ಕೊಡಲ್ಲ. ಹನ್ನೊಂದಕ್ಕೆ ಡಾಕ್ಟರಮ್ಮ ಮೀಟಿಂಗ್ ಕರೆದಿದಾರೆ. ಅಲ್ಲಿ ಎಲ್ಲರ ಮುಂದೆ ಎದ್ದು ನಿಂತ್ಕೊಂಡು ಹೇಳಿ. 'ಅವತ್ತು ನಾನು ಹೇಳಿದ್ದು ಸುಳ್ಳು, ಈ ಡ್ರೈವರಲ್ಲಿ ಯಾವ ದೋಷವೂ ಇಲ್ಲ' ಅಂತ. ಅವತ್ತು ಕೂಗಿದಷ್ಟೇ ಜೋರಾಗಿ."

ಅವನು ಅವಳನ್ನೇ ನೋಡಿದ. "ಈ ಕಾರ್ಡಿನ ಬ್ಯಾಟರಿ ನೋಡಿದ್ಯಾ?"

"ನೀವು! ನೋಡಿದೀರಾ ಅನ್ನಿ. ನಂಗೆ ಬುದ್ಧಿ ಹೇಳ್ಬೇಡಿ. ಹೇಳ್ತೀರೋ ಇಲ್ವೋ?"

"ಬರ್ತೀನಿ ಮೀಟಿಂಗಿಗೆ," ಎಂದಷ್ಟೇ ಹೇಳಿ ಅವನು ಚೀಲ ಎತ್ತಿಕೊಂಡ.

ಹನ್ನೊಂದಕ್ಕೆ ಉದ್ದನೆಯ ಮೇಜಿನ ಸುತ್ತ ಆಸ್ಪತ್ರೆಯ ಮುಖ್ಯರೆಲ್ಲ ಕೂತಿದ್ದರು. ಎದುರಿಗೆ ಆಸ್ಪತ್ರೆ ನಡೆಸುವ ಡಾಕ್ಟರಮ್ಮ. ಅವಳು ಮುಷ್ಟಿಯಲ್ಲಿ ಪೆನ್‌ಡ್ರೈವ್ ಬಿಗಿಹಿಡಿದಿದ್ದಳು.

ಅವನು ಎದ್ದು ನಿಂತ.

"ಎರಡು ವರ್ಷದ ಹಿಂದೆ ತುಂಬಿದ ಸಭೇಲಿ ಇವರಿಗೆ ಅವಮಾನ ಮಾಡ್ದೆ. ಇವರ ಕಷ್ಟಾನ ಒಂದೇ ಮಾತಲ್ಲಿ ಬೀದಿಗೆಸೆದೆ. ಆಮೇಲೆ ಇವರಿಗೆ ಸಿಗಬೇಕಿದ್ದ ಕುರ್ಚೀಲಿ ನಾಚಿಕೆ ಇಲ್ದೇ ಕೂತೆ. ಅದು ನನ್ನ ತಪ್ಪು. ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ."

ಅಬ್ಬಾ! ಅವಳ ಹೊಟ್ಟೆ ತಣ್ಣಗಾಯಿತು. ಎಷ್ಟು ದಿನ ಕಾದಿದ್ದಳು ಈ ಮಾತಿಗೆ! ಇನ್ನೊಂದೇ ವಾಕ್ಯ... ಹೇಳು, ಹೇಳಿಬಿಡು...

"ಆದ್ರೆ," ಅವನು ಅವಳ ಕಡೆಗೇ ತಿರುಗಿದ, "ಡ್ರೈವರ್ ಸರಿ ಇದೆ ಅಂತ ಹೇಳಲ್ಲ. ಅದು ಸುಳ್ಳಾಗುತ್ತೆ. ಕಾರ್ಡಿನ ಬ್ಯಾಟರಿ ಸತ್ತಿದ್ರೆ ಈ ಡ್ರೈವರ್ ಡಿಸ್ಕಿಗೆ ಬರೆಯದೇ ಇದ್ರೂ 'ಬರೆದೆ' ಅನ್ನುತ್ತೆ. ಕರೆಂಟ್ ಒಂದ್ಸಲ ಮಿಟುಕಿದ್ರೆ ಸಾಕು, ಡಿಸ್ಕಿನ ಲೆಕ್ಕವೆಲ್ಲ ಕೆಟ್ಟುಹೋಗುತ್ತೆ. ಓದೋಕೆ ಮಾತ್ರ ಬಳಸಿದ್ರೆ ತೊಂದರೆ ಇಲ್ಲ. ಇದನ್ನ ಹೇಳಿದ್ದಕ್ಕೆ ಅವರು ಕೊಡಲ್ಲ ಅಂದ್ರೆ, ನಾನು ಸೋತೆ ಅಂತ ಬರ್ಕೊಳ್ಳಿ. ನಮ್ಮ ಕಂಪನೀನ ಬಿಟ್ಟು ಬೇರೆಯವರನ್ನ ಕರೀರಿ."

ಮೇಜಿನ ಸುತ್ತಲಿನ ತಲೆಗಳೆಲ್ಲ ಅವಳತ್ತ ತಿರುಗಿದವು.

"ಹೌದೇನಮ್ಮಾ?" ಡಾಕ್ಟರಮ್ಮ ಕೇಳಿದರು. "ಡ್ರೈವರ್ ನಿನ್ನ ಹತ್ರ ಇದೆಯಾ?"

ಅವಳ ಮುಖ ಕೆಂಡವಾಯಿತು. ಮತ್ತೆ! ಮತ್ತೆ ಎಲ್ಲರ ಮುಂದೆ!

"ಇದೆ ಮೇಡಂ. ಇವರು ಹೇಳ್ತಿರೋದು ಸುಳ್ಳು. ಈಗಲೇ ಹಾಕಿ ತೋರಿಸ್ತೀನಿ!"

ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ಹೋದಳು.

* * *

ಸರ್ವರ್ ಕೋಣೆಯಲ್ಲಿ ಪೆನ್‌ಡ್ರೈವನ್ನು ಚುಚ್ಚಲು ಬಗ್ಗಿದಾಗ ಅವಳ ಕೈ ತಡೆಯಿತು.

ಯಂತ್ರದ ಹಿಂದೆ, ಕಾರ್ಡಿನ ಮೂಲೆಯಲ್ಲಿ, ಒಂದು ಕಿತ್ತಳೆ ದೀಪ ಮಿಟುಕುತ್ತಿತ್ತು. ಬ್ಯಾಟರಿ ದೀಪ. ನೋಡಿರಲಿಲ್ಲವೆಂದಲ್ಲ, ದಿನಾ ನೋಡುತ್ತಿದ್ದಳು. ಬದಲಿಸಬೇಕು ಎಂದುಕೊಂಡು ಮರೆಯುತ್ತಿದ್ದಳು. ತಲೆಯ ಮೇಲಿನ ದೀಪಗಳು ಲಿಫ್ಟ್ ಹೊರಟಾಗಲೆಲ್ಲ ಒಂದು ಕ್ಷಣ ಮಂಕಾಗುತ್ತಿದ್ದವು.

ಹಿಂದೆ ಹೆಜ್ಜೆಯ ಸದ್ದಾಯಿತು. ಅವನು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಚೀಲದಿಂದ ಏನೋ ತೆಗೆದು ನೆಲದ ಮೇಲೆ ಮೆಲ್ಲನೆ ಅವಳತ್ತ ಸರಿಸಿದ. ಅಂಥದೇ ಒಂದು ಹಳೇ ಕಾರ್ಡು, ಜೊತೆಗೊಂದು ಖಾಲಿ ಡಿಸ್ಕ್.

"ಇದರ ಬ್ಯಾಟರೀನೂ ಸತ್ತಿದೆ. ಆ ದಿನ ನಾನು ಪರೀಕ್ಷೆ ಮಾಡಿದ್ದು ಇದರಲ್ಲೇ. ಯಾವತ್ತಾದ್ರೂ ನಿಂಗೆ ತೋರಿಸ್ಬೇಕು ಅಂತ ಇಟ್ಕೊಂಡಿದ್ದೆ. ನನ್ನ ನಂಬಬೇಡ. ನೀನೇ ನೋಡು."

ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ಪಕ್ಕದ ಮೇಜಿನ ಹಳೇ ಕಂಪ್ಯೂಟರಿಗೆ ಆ ಕಾರ್ಡು ಜೋಡಿಸಿದಳು. ತನ್ನ ಡ್ರೈವರ್ ಹಾಕಿದಳು. ಖಾಲಿ ಡಿಸ್ಕಿಗೆ ಒಂದು ಕಡತ ಬರೆದಳು.

'ಬರೆದಾಯಿತು' ಎಂದಿತು ಪರದೆ.

"ನೋಡಿದ್ರಾ?" ಎಂದಳು ಜಂಬದಿಂದ.

"ವೈರ್ ಕಿತ್ತು ಮತ್ತೆ ಹಾಕು."

ಕಿತ್ತಳು. ಹಾಕಿದಳು. ಯಂತ್ರ ಎದ್ದಿತು.

ಡಿಸ್ಕ್ ಖಾಲಿ.

ಇನ್ನೊಮ್ಮೆ ಮಾಡಿದಳು. ಮತ್ತೊಮ್ಮೆ ಮಾಡಿದಳು. ಖಾಲಿ... ಖಾಲಿ!

ಅವಳು ನೆಲದ ಮೇಲೆ ಕೂತುಬಿಟ್ಟಳು. ಆಗ ಪರೀಕ್ಷೆಗೆಂದು ಅವಳು ತೆಗೆದುಕೊಂಡಿದ್ದೆಲ್ಲ ಡಬ್ಬಿ ಒಡೆಯದ ಹೊಸ ಕಾರ್ಡುಗಳು, ತುಂಬಿದ ಬ್ಯಾಟರಿಗಳು. ಹಳೇ ಯಂತ್ರಗಳಿಗೆಂದೇ ಬರೆದ ಡ್ರೈವರ್, ಹಳೇ ಕಾರ್ಡಿನ ಮೇಲೆ ಒಂದು ಸಲವೂ ನಡೆಸಿ ನೋಡಿರಲಿಲ್ಲ!

ಈಗ ಜಂಬಕ್ಕೆ ಬಿದ್ದು ಚುಚ್ಚಿಬಿಟ್ಟಿದ್ದರೆ? ಲಿಫ್ಟ್ ಒಂದು ಸಲ ಮೇಲೆ ಹೋಗಿದ್ದರೆ? ಮೇಷ್ಟ್ರ ದನಿ, ಅಷ್ಟೂ ಜನರ ದನಿ... 'ಪುಟ್ಟೀ, ಊಟ ಆಯ್ತಾ?'

"ಒಂಟಿಯಾಗಿ ಕರೆದು ಹೇಳ್ಬಾರದಿತ್ತಾ?" ಅವಳು ತಲೆ ಎತ್ತಿ ಕೇಳಿದಳು. "ಎಲ್ಲರ ಮುಂದೆ ಯಾಕೆ ಕೂಗಿದೆ ನೀನು? ನನ್ನ ಕಿವೀಲಿ ಹೇಳಿದ್ರೆ ಕೇಳ್ತಿರ್ಲಿಲ್ವಾ ನಾನು?"

'ನೀವು' ಎಲ್ಲಿಗೆ ಹೋಯಿತೋ, ಅವಳಿಗೂ ತಿಳಿಯಲಿಲ್ಲ.

ಅವನು ಹೊಸ್ತಿಲಲ್ಲೇ ಕೂತ. "ಅವತ್ತು ಬೆಳಿಗ್ಗೇನೇ ಗೊತ್ತಾಗಿದ್ದು. ಬಾಗಿಲಲ್ಲಿ ನಿಂತು ಕೈ ಬೀಸಿದೆ, ಬಾ ಅಂತ. ನೀನು ನಗ್ತಾ ನಂಗೇ ಕೈ ಬೀಸಿದೆ. ಅಷ್ಟರಲ್ಲಿ ಆ ಗಿರಾಕಿಗಳು ತಮ್ಮ ನಡೀತಿರೋ ಯಂತ್ರಕ್ಕೇ ಹಾಕಿ ನೋಡೋಣ ಅಂದ್ರು. ಗಾಬರೀಲಿ ಕೂಗಿಬಿಟ್ಟೆ."

"ಮತ್ತೆ ಆ ಕುರ್ಚಿ?"

"ಅದಕ್ಕೆ ನೆಪ ಇಲ್ಲ. ಆಸೆಬಿದ್ದೆ. ಕೂತ ಮೇಲೆ ನಿನ್ನ ಖಾಲಿ ಜಾಗ ದಿನಾ ಎದುರಿಗೆ ಕಾಣ್ತಿತ್ತು. ತಡೆಯೋಕಾಗ್ಲಿಲ್ಲ, ಬಿಟ್ಟೆ. ಫೋನ್ ಮಾಡ್ದೆ, ನೀನು ಬ್ಲಾಕ್ ಮಾಡಿದ್ದೆ. ಮನೆ ಹತ್ರ ಬರೋಕೆ ಧೈರ್ಯ ಆಗ್ಲಿಲ್ಲ."

"ಹೇಡಿ!"

"ಹೂಂ. ಹೇಡೀನೇ."

ಎರಡು ವರ್ಷ ಸಾಕಿದ ಸಿಟ್ಟು ಅದು. ಅಷ್ಟು ಸುಲಭಕ್ಕೆ ಹೋದೀತೇ? ಕೈಗೆ ಸಿಕ್ಕ ಖಾಲಿ ಡಬ್ಬಿಯನ್ನು ಅವನತ್ತ ಎಸೆದಳು. ಅದು ಅವನ ಭುಜಕ್ಕೆ ಬಡಿದು ಉರುಳಿತು. ಅವನು ತಪ್ಪಿಸಿಕೊಳ್ಳಲಿಲ್ಲ. ಆಮೇಲೆ ಅವಳು ಕಣ್ಣೊರೆಸಿಕೊಂಡು ಕೀಬೋರ್ಡ್ ಎಳೆದುಕೊಂಡಳು.

"ಬರೆಯೋ ಭಾಗಾನೇ ಕತ್ತರಿಸಿ ಹಾಕ್ತೀನಿ. ಓದೋದಷ್ಟೇ ಉಳೀಲಿ. ಎಲ್ಲಾ ದನೀನೂ ಬೇರೆ ಯಂತ್ರಕ್ಕೆ ಇಳಿಸ್ಕೊಳ್ಳೋಣ. ನೀನು ಮೊದಲು ಈ ಸತ್ತ ಕಾರ್ಡಲ್ಲಿ ಪರೀಕ್ಷೆ ಮಾಡು. ಆಮೇಲೇ ಅದಕ್ಕೆ."

"ಸರಿ ಕಿಡಿ," ಎಂದು ಅವನು ಪಕ್ಕದಲ್ಲಿ ಬಂದು ಕೂತ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಪರದೆಯ ಮೇಲೆ ಡಿಸ್ಕ್‌ಗಳು ಒಂದೊಂದಾಗಿ ಕಾಣಿಸಿಕೊಂಡವು. ವಿಚಾರಣೆಯ ಕಡೆಯಿಂದ ಒಂದು ದನಿ ಗಟ್ಟಿಯಾಗಿ ಕೇಳಿತು. "ಯಾರಪ್ಪಾ ಅಲ್ಲಿ? ಸದ್ದು ಮಾಡ್ಬೇಡಿ!" ಮೇಷ್ಟ್ರ ಟ್ಯಾಬು! ಇಡೀ ಪಡಸಾಲೆ ನಕ್ಕಿತು.

ಅವಳು ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋದಳು. ಡ್ರೈವರ್ ಇಟ್ಟುಕೊಂಡು ಎರಡು ದಿನ ಸುಮ್ಮನಿದ್ದುದನ್ನು, ಯಾಕೆಂಬುದನ್ನು ಮುಚ್ಚದೆ ಹೇಳಿದಳು. ಡಾಕ್ಟರಮ್ಮ ಚೆನ್ನಾಗಿ ಉಗಿದರು. ತಲೆ ತಗ್ಗಿಸಿ ಉಗಿಸಿಕೊಂಡಳು. ಅದೂ ಅವಳಿಗೆ ಸಲ್ಲಬೇಕಾದದ್ದೇ ಆಗಿತ್ತು.

* * *

ಸಂಜೆ ಅವಳ ಹಿಂದೆಯೇ ಅವನೂ ಮನೆಗೆ ಬಂದ. ಬಾಗಿಲವರೆಗೆ ಬಂದು ನಿಂತ.

"ಇಲ್ಲೇ ಇರ್ತೀನಿ. ನಿಮ್ಮಪ್ಪ ಏನಂತಾರೋ..."

ಅಪ್ಪ ಕಿಟಕಿಯ ಹತ್ತಿರದಿಂದ ತಲೆ ಎತ್ತಿದರು. ಅತ್ತು ಕೆಂಪಾದ ಮಗಳ ಮುಖ ನೋಡಿದರು. ಹೊಸ್ತಿಲಾಚೆ ನಿಂತ ಹುಡುಗನನ್ನು ನೋಡಿದರು. ಯಾರೂ ಪರಿಚಯ ಮಾಡಿಸಲಿಲ್ಲ. ಮಗಳು ಕೆಲಸ ಬಿಟ್ಟು ಬಂದು ಅತ್ತ ದಿನದಿಂದ ಅವರಿಗೆ ಎಲ್ಲ ಅಂದಾಜಿತ್ತು, ಅವಳಿಗಷ್ಟೇ ಅದು ಗೊತ್ತಿರಲಿಲ್ಲ.

ಟ್ಯಾಬನ್ನು ಮಡಿಲಿಗೆಳೆದುಕೊಂಡರು. ಬೆರಳು ಗುಂಡಿಗಳನ್ನೆಲ್ಲ ದಾಟಿ ಕೊನೆಗೆ ಹೋಯಿತು. ಏನೂ ಬರೆಯದ ಆ ಗುಂಡಿಗೆ!

ಹರಾಜು ಕಟ್ಟೆಯ ಆ ದನಿ ಮನೆ ತುಂಬಿತು.

"ಬನ್ನಿ ಅಳಿಯಂದ್ರೇ! ಒಳಗೆ ಬನ್ನಿ, ಕೂತ್ಕೊಳ್ಳಿ. ನೀವ್ಯಾರೋ ನಂಗೆ ಇವತ್ತು ಗೊತ್ತಿಲ್ಲ. ನೀವು ಬರೋ ಹೊತ್ತಿಗೆ ನನ್ನ ದನಿ ಇರಲ್ಲ ಅಂತ ಈಗಲೇ ಹೇಳಿಡ್ತಿದೀನಿ. ನಮ್ಮ ಹುಡುಗಿಗೆ ಕೋಪ ಜಾಸ್ತಿ. ಆದ್ರೆ ಜನ್ಮವೆಲ್ಲ ಹರಾಜು ಕೂಗಿದೋನು ನಾನು, ಇಂಥದ್ದು ಒಂದೂ ಕಟ್ಟೆಗೆ ಬರ್ಲಿಲ್ಲ. ಚೆನ್ನಾಗಿ ನೋಡ್ಕೊಳ್ಳಿ."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಈ ಮಾತು! ಈ ಮಾತನ್ನೇ ಅವಳು ಇಂದು ತನ್ನ ಕೈಯಾರೆ ಅಳಿಸಿಬಿಡುತ್ತಿದ್ದಳು...

ಅವನು ಒಳಗೆ ಬಂದು ಅಪ್ಪನ ಕಾಲ ಬಳಿ ಕೂತ. ಅವನ ಕನ್ನಡಕ ಮಂಜಾಗಿತ್ತು. ಅತ್ತೆ ಅಡುಗೆಮನೆಯಿಂದ ಇಣುಕಿ ನೋಡಿದರು. "ಇವನೇನೇ ಆ ಡ್ರೈವರ್ರು? ಪರವಾಗಿಲ್ಲ, ಕುಡಿಯೋನ ಥರ ಕಾಣಲ್ಲ."

ಅಳುವಿನ ನಡುವೆಯೇ ಅವಳು ನಕ್ಕಳು. ಬಗ್ಗಿ, ಎರಡೂ ಕೈಯಿಂದ ಅವನ ಕನ್ನಡಕವನ್ನು ನೆಟ್ಟಗೆ ಮಾಡಿದಳು.

"ಇನ್ನೊಂದ್ಸಲ ನನ್ನ ತಪ್ಪು ಕಂಡ್ರೆ?" ಎಂದು ಪಿಸುಗುಟ್ಟಿದಳು.

"ಮೊದಲು ನಿನ್ನ ಕಿವೀಲಿ ಹೇಳ್ತೀನಿ."

"ನಾನು ಮತ್ತೆ ಫೋನ್ ಬ್ಲಾಕ್ ಮಾಡಿದ್ರೆ?"

"ಮನೆಗೇ ಬರ್ತೀನಿ. ಈಗ ಧೈರ್ಯ ಬಂದಿದೆ."

"ಮುಖದ ಮೇಲೆ ಬಾಗಿಲು ಹಾಕಿದ್ರೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಅಪ್ಪನ ಬೆರಳು ಮತ್ತೊಂದು ಗುಂಡಿ ಒತ್ತಿತ್ತು.

"ಪುಟ್ಟೀ, ಬಾಗಿಲು ತೆಗಿ!"